ಟೇಪಿನೊಳಗೆ ನಾನು, ಬಾಗಿಲಲ್ಲಿ ಬೀಗರು

ತಂಗಿ ನೀಲಾಳ ನಿಶ್ಚಿತಾರ್ಥದ ಬ್ಲೌಸನ್ನು ನಾನೇ ಹೊಲಿಯುತ್ತೇನೆಂದು ಘೋಷಿಸಿದಾಗ ನನಗೆ ಹೊಲಿಗೆ ಬರುತ್ತಿತ್ತು. ಇದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದವರೆಲ್ಲ ಮೊದಲು ಅನುಮಾನಿಸುವುದು ಅದನ್ನೇ. ದಿಂಬಿನ ಕವರು, ಬಾಗಿಲ ಪರದೆ, ಲಂಗ, ಒಂದು ಸಂತೆಚೀಲ, ಇಷ್ಟನ್ನು ನಾನು ಯಾರ ನೆರವೂ ಇಲ್ಲದೆ ಹೊಲಿದಿದ್ದೆ. ಸಂತೆಚೀಲ ಇವತ್ತಿಗೂ ಬಿಚ್ಚಿಲ್ಲ. ಸಂತೆಚೀಲಕ್ಕೂ ಬ್ಲೌಸಿಗೂ ಇರುವ ವ್ಯತ್ಯಾಸ ತೋಳು ಮಾತ್ರ ಎಂಬುದು ಆಗ ನನ್ನ ನಂಬಿಕೆಯಾಗಿತ್ತು.

ನಾವಿರುವುದು ಮಸ್ಕಿಯಲ್ಲಿ. ನಾನು ದಿನಾ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತೇನೆ. ನಮ್ಮ ಯಜಮಾನರು ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ನೀಲಾ ಸಿಂಧನೂರಿನ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿಯೇ ಲ್ಯಾಬಿನಲ್ಲಿ ಕೆಲಸ ಮಾಡುವ ಲಿಂಗಸುಗೂರಿನ ಹುಡುಗ ಅವಳನ್ನು ಮೆಚ್ಚಿದ, ಅವಳೂ ಮೆಚ್ಚಿದಳು. ನಮಗೆ ಅಪ್ಪ ಅವ್ವ ಇಲ್ಲದ್ದರಿಂದ ಮಾತುಕತೆಯ ಭಾರವೆಲ್ಲ ನನ್ನ ಮೇಲೆ ಬಂತು. ಹುಡುಗನ ಅಪ್ಪ ಒಪ್ಪಿದರು. ತಾಯಿ ಶರಣಮ್ಮನವರು ಮಾತ್ರ "ನೋಡೂಣು" ಎಂದಿದ್ದರು.

ಆಮೇಲೆ ದಿನ ಗೊತ್ತಾಯಿತು, ಮಂಟಪ ಗೊತ್ತಾಯಿತು, ಅಡಿಗೆಯವರೂ ಗೊತ್ತಾದರು. ಆದರೆ ಆ ತಾಯಿಯ ಬಾಯಿಂದ ಒಪ್ಪಿಗೆಯ ಮಾತೊಂದು ಹೊರಬಿದ್ದದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಅವರು ಏನನ್ನು ನೋಡುತ್ತಾರೆ, ಯಾವಾಗ ನೋಡುತ್ತಾರೆ ಎಂಬುದು ತಿಳಿಯದೆ ನಾನು ಮನೆಯ ಜೇಡರ ಬಲೆಯನ್ನು ದಿನ ಬಿಟ್ಟು ದಿನ ತೆಗೆಯುತ್ತಿದ್ದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆ ಮಸ್ಕಿಯ ಮೇಲೆಯೇ ಹಾಯುತ್ತದೆ. ಮನೆ ಮುಂದೆ ಯಾವ ಗಾಡಿ ನಿಂತರೂ ನಾನು ಕಿಟಕಿಗೆ ಓಡುತ್ತಿದ್ದೆ.

ಇಂಥ ಆತಂಕದ ನಡುವೆ ಬ್ಲೌಸಿನ ಪ್ರಶ್ನೆ ಬಂತು. ನೀಲಾ ರೇಷ್ಮೆಯ ತುಣುಕೊಂದನ್ನು ನನಗೆ ಕೊಟ್ಟು ಹೋಗಿದ್ದಳು. ಮದುವೆ ಕಾಲವಾದ್ದರಿಂದ ಮಸ್ಕಿಯ ದರ್ಜಿಗಳೆಲ್ಲ ಕೈ ಎತ್ತಿದರು. ಆಗ ನಾನು ಅವಳಿಗೆ ಫೋನ್ ಮಾಡಿ, ಹೆದರಬೇಡ, ನಾನಿದ್ದೇನೆ ಎಂದೆ. ಅಳತೆ ಕೊಡಲು ಬರುವುದಕ್ಕೆ ಅವಳಿಗೆ ರಜೆ ಇರಲಿಲ್ಲ.

"ನಿನ್ನ ಅಳತಿನ ನನ್ನ ಅಳತಿ ಅಲ್ಲೇನಕ್ಕಾ?" ಎಂದಳು. ಸಣ್ಣವರಿದ್ದಾಗ ನಾವಿಬ್ಬರೂ ಒಬ್ಬರ ಲಂಗ ಒಬ್ಬರು ಹಾಕಿಕೊಂಡು ಬೆಳೆದವರು. ಆಮೇಲೆ ನಾನು ಮಾತ್ರ ಸ್ವಲ್ಪ ಹೆಚ್ಚು ಬೆಳೆದಿದ್ದೆ. ಅದನ್ನು ತಂಗಿ ಗಮನಿಸಿಲ್ಲವೆಂದು ಸಂತೋಷವಾಗಿ, "ಹೌದಲ್ಲ ಮತ್ತ" ಎಂದೆ.

ಅದೇ ದಿನ ಮೊಬೈಲಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಬಟ್ಟೆ ಅಂಗಡಿಗಳಲ್ಲಿ ಸೀರೆ ಉಡಿಸಿ ನಿಲ್ಲಿಸುತ್ತಾರಲ್ಲ, ತಲೆಯಿಲ್ಲದ ಗೊಂಬೆ, ಅಂಥದ್ದನ್ನು ನಮ್ಮದೇ ಮೈ ಅಳತೆಗೆ ಮನೆಯಲ್ಲೇ ಮಾಡಿಕೊಳ್ಳುವ ವಿಧಾನ. ಹಳೆಯ ಟೀ ಶರ್ಟ್ ಹಾಕಿಕೊಂಡು ನಿಲ್ಲಬೇಕು. ಅದರ ಮೇಲೆ ಬೇರೆಯವರು ಕುತ್ತಿಗೆಯಿಂದ ಸೊಂಟದವರೆಗೆ ಅಗಲವಾದ ಟೇಪ್ ಸುತ್ತಬೇಕು. ಗಟ್ಟಿಯಾದ ಮೇಲೆ ಬೆನ್ನಿನ ಕಡೆ ಕತ್ತರಿಸಿ ಕಳಚಬೇಕು. ಮತ್ತೆ ಅಂಟಿಸಿ, ಒಳಗೆ ಚಿಂದಿ ತುಂಬಿದರೆ ಮುಗಿಯಿತು. ಅದಕ್ಕೆ ತೊಡಿಸಿ ನೋಡಿಕೊಂಡು ಎಂಥ ಬ್ಲೌಸನ್ನಾದರೂ ಹೊಲಿಯಬಹುದು. ವಿಡಿಯೋದ ಹೆಂಗಸು ಮೊದಲಿನಿಂದ ಕೊನೆಯವರೆಗೂ ನಗುತ್ತಿದ್ದಳು. ಅವಳ ಹಿಂದಿನ ಕುರ್ಚಿಯ ಮೇಲೆ ಸ್ವೆಟರ್ ಬಿದ್ದಿತ್ತು. ನಾನು ಆ ಸ್ವೆಟರನ್ನು ಗಮನಿಸಬೇಕಿತ್ತು. ನಮ್ಮೂರಿನಲ್ಲಿ ಆಗ ಬೇಸಿಗೆಯ ಉರಿ.

ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಬೇಡವೆನ್ನುತ್ತಾರೆಂದು ಅಂದುಕೊಂಡಿದ್ದೆ. ಆದರೆ ಡ್ರಾಯಿಂಗ್ ಮಾಸ್ತರರಿಗೆ ಬೇಸಿಗೆ ರಜೆಯಲ್ಲಿ ಬೇರೆ ಕೆಲಸವಿರಲಿಲ್ಲ.

"ಮೂರ್ತಿ ಮಾಡಬೇಕಂತ ಭಾಳ ದಿನದಿಂದ ಇತ್ತು ನನಗ" ಎಂದರು.

"ಮೂರ್ತಿ ಅಲ್ಲರೀ, ಅಳತಿ ಗೊಂಬಿ."

"ಎರಡೂ ಒಂದ ಕಲಾ."

ಟೈಲ್ಸ್ ಅಂಗಡಿಯ ಗೆಳೆಯನಿಂದ ಟೇಪಿನ ಸುರುಳಿಗಳನ್ನು ತಂದರು. ಅದು ಗಾಜು, ಪಿಂಗಾಣಿಯ ಡಬ್ಬಿಗಳಿಗೆ ಅಂಟಿಸುವ ಬಿಳಿ ಟೇಪು. ಒಡೆಯುವ ವಸ್ತು, ಜೋಪಾನ ಎಂದು ಅದರ ಉದ್ದಕ್ಕೂ ಇಂಗ್ಲಿಷಿನ ಕೆಂಪು ಅಕ್ಷರಗಳಿದ್ದವು. ಗಟ್ಟಿ ಇದ್ದರೆ ಸಾಕು, ಏನು ಬರೆದಿದ್ದರೇನು ಎಂದುಕೊಂಡೆ.

ನಿಶ್ಚಿತಾರ್ಥಕ್ಕೆ ಒಂದು ವಾರ ಇರುವಾಗ, ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಕೆಲಸ ಶುರು ಮಾಡಿದೆವು. ನಾನು ಲಂಗದ ಮೇಲೆ ಅವರ ಹಳೆಯ ಟೀ ಶರ್ಟ್ ತೊಟ್ಟು, ಫ್ಯಾನಿನ ಕೆಳಗೆ ಕೈ ಅಗಲಿಸಿ ನಿಂತೆ. ಈಗ ಹೇಳಲು ನಾಚಿಕೆಯಾಗುವ ಒಂದು ಸಂಗತಿಯಿದೆ. ಗೊಂಬೆ ನನ್ನದೇ ಆದರೂ ಚೆಂದ ಕಾಣಲಿ ಎಂಬ ಆಸೆಯಿಂದ ನಾನು ಹೊಟ್ಟೆಯನ್ನು ಒಳಗೆ ಎಳೆದುಕೊಂಡು ನಿಂತೆ. ಅವರು ಆ ಎಳೆದುಕೊಂಡ ಹೊಟ್ಟೆಯ ಮೇಲೆ ಟೇಪ್ ಸುತ್ತಿದರು.

ವಿಡಿಯೋದಲ್ಲಿ ಎರಡು ಸುತ್ತು ಸಾಕೆಂದು ಹೇಳಿದ್ದರು. ಯಜಮಾನರು ಸುತ್ತುತ್ತಲೇ ಹೋದರು. ಸುತ್ತಿ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಮುಂದೆ ಹಿಡಿದು ನೋಡುವರು. ಮತ್ತೆ ಬಂದು ಸುತ್ತುವರು.

"ಸಾಕ್ರಿ ಇನ್ನ."

"ಕದಲಬ್ಯಾಡ. ಭುಜದ ಕಡೆ ಫಿನಿಶಿಂಗ್ ಬಂದಿಲ್ಲ."

ಫಿನಿಶಿಂಗ್ ಬರುವ ಹೊತ್ತಿಗೆ ನಾನು ಡ್ರಮ್ಮಿನಂತಾಗಿದ್ದೆ. ಬೆರಳಿನಿಂದ ಬಡಿದರೆ ಟಕಟಕ ಸಪ್ಪಳ ಬರುತ್ತಿತ್ತು. ಅವರು ಬಡಿದು ನೋಡಿ ಸಂತೋಷಪಟ್ಟರು. ಆಗ ನಾನು, ಇನ್ನೇನು ಮುಗಿಯಿತಲ್ಲ ಎಂದು, ಹೊಟ್ಟೆಯನ್ನು ಸಡಿಲ ಬಿಟ್ಟೆ.

ಸಡಿಲ ಬಿಡಲು ಆಗಲಿಲ್ಲ. ಹೊಟ್ಟೆಗೆ ಜಾಗವೇ ಇರಲಿಲ್ಲ. ಉಸಿರು ಎದೆಯ ಮೇಲ್ಭಾಗದವರೆಗೆ ಹೋಗಿ ಹಿಂದಿರುಗಿ ಬರುತ್ತಿತ್ತು.

"ಕತ್ತರಸರಿ" ಎಂದೆ.

ಅವರು ನನ್ನ ಬಟ್ಟೆ ಕತ್ತರಿಯನ್ನು ಸೊಂಟದ ಹಿಂದಿನಿಂದ ತೂರಿಸಲು ನೋಡಿದರು. ತೂರುವಷ್ಟು ಸಂದಿಯೇ ಇಲ್ಲ. ಕಷ್ಟಪಟ್ಟು ತುದಿ ತೂರಿಸಿದಾಗ ತಣ್ಣಗಿನ ಕಬ್ಬಿಣ ಬೆನ್ನಿಗೆ ತಗುಲಿ ನಾನು ಚೀರಿದೆ. ಅವರು ಕತ್ತರಿ ಬಿಟ್ಟು ಹಿಂದೆ ಹಾರಿದರು. ರಕ್ತ ಕಂಡರೆ ತಲೆ ತಿರುಗುವ ಮನುಷ್ಯ. ರಕ್ತ ಬಂದಿರಲಿಲ್ಲ, ಆದರೆ ಬರಬಹುದೆಂಬ ವಿಚಾರಕ್ಕೇ ಅವರ ಮುಖ ಬಿಳಿಚಿಕೊಂಡಿತ್ತು. ಮತ್ತೊಮ್ಮೆ ಪ್ರಯತ್ನಿಸಿದಾಗ ಕತ್ತರಿ ಟೇಪಿನ ಅಂಟಿಗೆ ಸಿಕ್ಕಿ ಬಾಯಿ ತೆರೆಯಲೇ ಇಲ್ಲ.

"ನನ್ನ ಕೈ ನಡಗಾಕತ್ತಾವ ಸುಮಾ."

"ನನ್ನ ಜೀವಾನ ನಡಗಾಕತ್ತೈತ್ರಿ."

ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನು ನಿಧಾನವಾಗಿ ತಿರುಗಿ ನಿಂತಿತು. ಟೇಪಿನೊಳಗೆ ಬೆವರು ಹರಿಯತೊಡಗಿತು. ಒರೆಸಿಕೊಳ್ಳುವಂತಿಲ್ಲ, ಕೆರೆದುಕೊಳ್ಳುವಂತಿಲ್ಲ. ಯಜಮಾನರು ಪಕ್ಕದ ಮನೆಗೆ ಓಡಿದರು. ಅಲ್ಲಿ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಮೆಹಬೂಬ್‌ಬಿಯ ಬಳಿ ದೊಡ್ಡ ಕತ್ತರಿಯಿದೆ. ಹೋದಷ್ಟೇ ವೇಗದಲ್ಲಿ ಮರಳಿ ಬಂದು, "ಕತ್ತರಿ ಹುಡುಕಿ ತರ್ತಾಳಂತ" ಎಂದರು. ಹೀಗೆ ಹೇಳುತ್ತಿದ್ದಂತೆಯೇ ಹೊರಗೆ ಕಾರು ನಿಂತ ಸಪ್ಪಳವಾಯಿತು.

ಕಿಟಕಿಯಲ್ಲಿ ಇಣುಕಿದ ಯಜಮಾನರು ತಿರುಗಿ ನನ್ನನ್ನು ನೋಡಿದ ರೀತಿಯಿಂದಲೇ ನನಗೆ ತಿಳಿಯಿತು.

"ಯಾರ್ರಿ?"

"ಲಿಂಗಸುಗೂರ್ ಬೀಗರು."

ಶರಣಮ್ಮನವರು ಮತ್ತು ಅವರ ನಾದಿನಿ ಗಂಗಮ್ಮ, ಸಿಂಧನೂರಿಗೆ ಬಟ್ಟೆ ತರಲು ಹೊರಟವರು, ದಾರಿಯಲ್ಲಿ ನಮ್ಮ ಮನೆ ನೋಡಿಹೋಗಲು ಬಂದಿದ್ದರು. ಅವರು ನೋಡುವ ದಿನ ಇದೇ ಆಗಿತ್ತು. ಒಳಕೋಣೆಗೆ ಓಡೋಣವೆಂದರೆ ಸೊಂಟ ಬಾಗದೆ ಹೆಜ್ಜೆಗಳು ಗೇಣುಗೇಣಾಗಿ ಬೀಳುತ್ತಿದ್ದವು. ಯಜಮಾನರು ಮಂಚದ ಮೇಲಿನ ಚಾದರವನ್ನು ಎಳೆದು ನನ್ನ ಮೇಲೆ ಹೊದಿಸಿದರು. ಬೀಗರು ಒಳಗೆ ಬಂದಾಗ ನಡುಮನೆಯಲ್ಲಿ, ಆ ಸೆಕೆಯಲ್ಲಿ, ಚಾದರ ಹೊದ್ದು ನಾನು ಕಂಬದಂತೆ ನಿಂತಿದ್ದೆ.

"ಬರ್ರಿ ಬರ್ರಿ" ಎಂದೆ. ಕೈ ಮುಗಿಯಲು ಕೈಗಳು ಕೂಡಲಿಲ್ಲ.

ಶರಣಮ್ಮನವರು ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದರು. "ಯಾಕ, ಏನಾತು ಇವರಿಗೆ?"

ಟೇಪ್ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿ ತೆರೆಯುವ ಮೊದಲೇ ಯಜಮಾನರ ಬಾಯಿ ತೆರೆಯಿತು. "ಬೆನ್ನು ರೀ. ಬಿದ್ದಾಳ. ಪಟ್ಟಾ ಸುತ್ಯಾರ."

"ಅಯ್ಯ, ಯಾವಾಗ?"

"ನಿನ್ನೆ" ಎಂದರು ಅವರು. ಅದೇ ಹೊತ್ತಿಗೆ ನಾನು "ಹ್ವಾದ ವಾರ" ಎಂದೆ.

ಶರಣಮ್ಮನವರು ಇಬ್ಬರನ್ನೂ ನೋಡಿದರು. "ಎರಡು ಸಲ ಬಿದ್ರೇನು?"

"ಹೌದ್ರಿ" ಎಂದರು ಯಜಮಾನರು. "ಅಕಿ ಬೀಳ್ತಿರ್ತಾಳ."

ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನುಷ್ಯನ ಮೇಲೆ ನನಗೆ ಅಂಥ ಸಿಟ್ಟು ಬಂದಿರಲಿಲ್ಲ. ಗಂಗಮ್ಮ ಮರುಕದಿಂದ ಚುಚ್ ಚುಚ್ ಎಂದು, "ಯವ್ವಾ, ನಿಂತ್ಕೊಂಡ ಯಾಕದೀ? ಕೂಡು" ಎಂದು ಭುಜ ಹಿಡಿದರು. ಬೇಡವೆಂದರೂ ಬಿಡಲಿಲ್ಲ. ನಾನು ಕುರ್ಚಿಯತ್ತ ಸ್ವಲ್ಪ ಬಾಗಿದೆ ಅಷ್ಟೇ. ಚಾದರದೊಳಗಿಂದ ಚರಚರ ಸದ್ದು ಬಂತು.

"ಏನದು ಸಪ್ಪಳ?" ಎಂದರು ಶರಣಮ್ಮನವರು.

"ಎಲುಬ್ರಿ" ಎಂದರು ಯಜಮಾನರು.

ಗಂಗಮ್ಮ ನನ್ನ ಭುಜ ಬಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಗಾಳಿ ಹಾಕಿಕೊಂಡು, "ನನಗ ಧಗಿ ತಾಳಂಗಿಲ್ಲ, ಗಾಡಿಯಾಗ ಏಸಿ ಹಚ್ಚಿ ಕುಂದರ್ತೀನಿ" ಎಂದು ಹೊರಗೆ ನಡೆದರು. ಹೋಗುತ್ತಲೇ ಮೊಬೈಲನ್ನು ಕಿವಿಗೆ ಹಿಡಿದದ್ದು ಕಾಣಿಸಿತು. ಆಗ ಅದಕ್ಕೆ ನಾನು ಮಹತ್ವ ಕೊಡಲಿಲ್ಲ.

ಶರಣಮ್ಮನವರು ಮಾತ್ರ ಕುಳಿತರು. ಮೆಲ್ಲಗೆ ಕೇಳಿದರು: "ತಂಗೀ, ತಪ್ಪು ತಿಳೀಬ್ಯಾಡ. ನಿಮ್ಮ ಮನಿತನದಾಗ ಎಲುಬು ಸೂಕ್ಷ್ಮ ಏನು? ನೀಲಾಗೂ ಹಿಂಗ ಐತೇನು?"

ತಂಗಿಯ ಸಂಬಂಧ ನನ್ನ ಕಣ್ಣೆದುರೇ ಮುರಿಯುತ್ತಿದೆ, ಅದೂ ಒಂದು ಬ್ಲೌಸಿಗಾಗಿ. ಅಪ್ಪ ಅವ್ವ ಇದ್ದಿದ್ದರೆ ನೀಲಾಳಿಗೆ ಈ ಗತಿ ಬರುತ್ತಿರಲಿಲ್ಲ ಎನಿಸಿ ಕಣ್ಣು ತುಂಬಿಕೊಂಡವು. "ಇಲ್ಲರೀ ಅಮ್ಮಾರ, ಅಕಿ ಗಟ್ಟಿ ಅದಾಳ, ಭಾಳ ಗಟ್ಟಿ" ಎಂದೆ. ಎಮ್ಮೆಯ ವ್ಯಾಪಾರದಲ್ಲಿ ಆಡುವ ಮಾತಿನಂತೆ ಅದು ನನ್ನ ಕಿವಿಗೇ ಕೇಳಿಸಿತು.

ಅಳು ತಡೆಯಲು ತಲೆ ತಗ್ಗಿಸಿದಾಗ ಚಾದರ ಭುಜದಿಂದ ಜಾರಿತು. ಕೆಂಪು ಅಕ್ಷರಗಳು ಹೊರಬಿದ್ದವು. ಶರಣಮ್ಮನವರು ಬಗ್ಗಿ ನೋಡಿದರು.

"ಪಟ್ಟಾದ ಮ್ಯಾಲ ಏನೋ ಬರದಾರಲ್ಲ?"

"ಡಾಕ್ಟರ್ ಬರದಾರ್ರಿ" ಎಂದರು ಯಜಮಾನರು. ಅವರ ಧ್ವನಿ ಸಣ್ಣಗಾಗಿತ್ತು. "ಜೋಪಾನ ಅಂತ."

ಶರಣಮ್ಮನವರು ಎದ್ದು ನಿಂತರು. "ಇದೆಂಥಾ ಡಾಕ್ಟರ್ ಕಡೆ ತೋರಿಸೀರಿ? ನಡೀರಿ, ಸಿಂಧನೂರಾಗ ಎಲುಬಿನ ಡಾಕ್ಟರ್ ಅದಾರ. ನಮ್ಮ ಗಾಡಿ ಐತಿ. ಎಕ್ಸ್‌ರೇ ತೆಗಸೂಣು."

ಎಕ್ಸ್‌ರೇ ಎಂದಾಗ ನೀಲಾ ಕೆಲಸ ಮಾಡುವ ಆಸ್ಪತ್ರೆ ಕಣ್ಣೆದುರು ಬಂತು. ಅದರ ಹಿಂದೆಯೇ ಕಪ್ಪು ಚುಕ್ಕೆಗಳೂ ಬಂದವು. ಉಸಿರು ಸಾಲದೆ ಗೋಡೆಗೆ ಆತುಕೊಂಡೆ. ಆಗ ಹಿತ್ತಲ ಬಾಗಿಲಿನಿಂದ, ಹೊಲದಲ್ಲಿ ಕರೆಯುವಂಥ ದೊಡ್ಡ ದನಿಯಲ್ಲಿ ಮಾತಾಡುತ್ತ ಮೆಹಬೂಬ್‌ಬಿ ಬಂದಳು.

"ಮಾಸ್ತರ್ರೇ, ಕತ್ತರಿ ಸಿಕ್ತು. ಎಲ್ಲಿ ಅದಾಳ ನಿಮ್ಮ ಗೊಂಬಿ? ಟೇಪ್ ಬಿಗಿ ಆಗಿ ಸಾಯಾಕತ್ತಾಳ ಅಂದ್ರಿ, ಇಲ್ಲಿ ನೋಡಿದ್ರ ಮೆಹಮಾನರನ್ನ ಕೂಡಿಸ್ಕೊಂಡು ಮಾತಾಡಾಕತ್ತೀರಿ."

ಶರಣಮ್ಮನವರು ಕತ್ತರಿ ನೋಡಿದರು, ಯಜಮಾನರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಹೇಳಿದೆ: "ಬೆನ್ನಿಗೆ ಏನಾಗಿಲ್ರಿ ಅಮ್ಮಾರ. ಇದು ಟೇಪ್. ನನಗ ಉಸುರಾಡಾಕ ಆಗವಲ್ದು."

ಅವರು ಚಾದರ ಕಿತ್ತೆಸೆದರು. ಆ ಗಳಿಗೆಯಲ್ಲಿ ಅವರ ಮುಖದಲ್ಲಿ ಸಿಟ್ಟಿತ್ತೋ ನಗುವಿತ್ತೋ ನೋಡುವ ಧೈರ್ಯ ನನಗಿರಲಿಲ್ಲ. "ಮಾಸ್ತರ್ರ, ನೀವು ಹೊರಗ ನಡೀರಿ. ಮಾತಾಡಬ್ಯಾಡ್ರಿ, ಬರೇ ನಡೀರಿ" ಎಂದರು. ಬಾಗಿಲು ಹಾಕಿದರು. ಕೊಬ್ಬರಿ ಎಣ್ಣೆ ಎಲ್ಲಿದೆ ಎಂದು ಕೇಳಿ ತಾವೇ ತಂದು, ತೋಳಿನ ಸಂದಿಯಲ್ಲಿ ಸುರಿದು ಬೆರಳು ತೂರಿಸಿದರು. ಅವರು ಬೆರಳಿನಿಂದ ಟೇಪನ್ನು ಮೈಯಿಂದ ಎತ್ತಿ ಹಿಡಿಯುವುದು, ಮೆಹಬೂಬ್‌ಬಿ "ಯಾ ಅಲ್ಲಾ" ಎನ್ನುತ್ತ ಕತ್ತರಿಸುವುದು. ಎರಡೂ ಬದಿ ಭುಜದಿಂದ ಸೊಂಟದವರೆಗೆ ಅಡ್ಡಾದಿಡ್ಡಿ ಕತ್ತರಿಸಿ ಇಬ್ಬರೂ ಸೇರಿ ಹಲಸಿನ ಹಣ್ಣು ಬಿಡಿಸಿದಂತೆ ನನ್ನನ್ನು ಬಿಡಿಸಿದರು. ನಾನು ನೆಲದ ಮೇಲೆ ಕುಸಿದು ಹೊಟ್ಟೆ ತುಂಬ ಉಸಿರೆಳೆದೆ. ಮೆಹಬೂಬ್‌ಬಿ ನೀರು ಕುಡಿಸಿದಳು.

"ಈಗ ಹೇಳು" ಎಂದರು ಶರಣಮ್ಮನವರು. "ಇದೆಲ್ಲಾ ಯಾಕ?"

ನೀಲಾಳ ಬ್ಲೌಸು, ಸಿಗದ ರಜೆ, ವಿಡಿಯೋ, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ಅಕಿದೊಂದು ಹಳೇ ಬ್ಲೌಸ್ ಅಳತಿಗೆ ತರಿಸಿದ್ರ ಆಗ್ತಿರಲಿಲ್ಲೇನು?"

ಜಗತ್ತಿನ ಎಲ್ಲ ಹೆಂಗಸರೂ ದರ್ಜಿಗೆ ಅಳತೆಯ ಬ್ಲೌಸು ಕೊಡುತ್ತಾರೆ. ನಾನೂ ಜೀವಮಾನವಿಡೀ ಕೊಟ್ಟಿದ್ದೇನೆ. ನೀಲಾಳ ಎರಡು ಹಳೆಯ ಬ್ಲೌಸುಗಳು ಆ ಹೊತ್ತಿಗೆ ನಮ್ಮ ಮನೆಯ ಕಪಾಟಿನಲ್ಲೇ ಇದ್ದವು.

ಶರಣಮ್ಮನವರು ಚಹಾ ಕುಡಿಯದೆ ಹೊರಟರು. "ಬರ್ತೀನಿ" ಎಂದಷ್ಟೇ ಹೇಳಿದರು. ನಕ್ಕಿರಲಿಲ್ಲ.

ಆಮೇಲಿನ ಒಂದು ದಿನ ಹೇಗೆ ಕಳೆಯಿತೆಂದು ಕೇಳಬೇಡಿ. ನೀಲಾಳಿಗೆ ಫೋನ್ ಮಾಡಲು ಹೋಗಿ ಮಾಡದೆ ಇಡುತ್ತಿದ್ದೆ. ಯಜಮಾನರು ತಪ್ಪಿತಸ್ಥರಂತೆ ಬಂದು, "ಪಟ್ಟಾ ಅಂದದ್ದು ಪೂರಾ ಸುಳ್ಳಲ್ಲ ನೋಡು, ಒಂಥರಾ ಪಟ್ಟಾನ ಅದು" ಎಂದರು. ನಾನು ಅವರೊಡನೆ ಮಾತು ಬಿಟ್ಟೆ. ಅವರು ಮಾತಿಗೆ ಬದಲು ಆ ಎರಡು ಹೋಳುಗಳನ್ನು ಅಂಟಿಸಿ, ಚಿಂದಿ ತುಂಬಿ, ಗೊಂಬೆಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದರು. ಅಡ್ಡಾದಿಡ್ಡಿ ಕತ್ತರಿಸಿದ್ದರಿಂದ ಅದರ ಒಂದು ಭುಜ ಮೇಲೆ, ಒಂದು ಕೆಳಗೆ. ಉಸಿರು ಬಿಗಿ ಹಿಡಿದ ಹೊಟ್ಟೆ, ಅದರ ಕೆಳಗೆ ಉಳಿದದ್ದೆಲ್ಲ ಉಕ್ಕಿ ಬಂದಿತ್ತು. ನಾನು ಹೀಗೆ ಕಾಣುತ್ತೇನೆಂದು ಇಷ್ಟು ವರ್ಷ ಒಬ್ಬರೂ ನನಗೆ ಹೇಳಿರಲಿಲ್ಲ.

ಮರುದಿನ ಸಂಜೆ ನೀಲಾಳದ್ದೇ ಫೋನ್ ಬಂತು.

"ಅಕ್ಕಾ, ಅತ್ತಿ ಫೋನ್ ಮಾಡಿದ್ರು."

ನಾನು ಗೋಡೆ ಹಿಡಿದು ಕುಳಿತೆ. "ಏನಂದ್ರವ್ವ?"

"ಬ್ಲೌಸ್ ಪೀಸ್ ನಮ್ಮ ಕಡೆ ಕಳಿಸು ಅಂದ್ರು. ಲಿಂಗಸುಗೂರಾಗ ಅವರ ಖಾಯಂ ದರ್ಜಿ ಅದಾನಂತ. ನಿಮ್ಮಕ್ಕ ಹೊಲಿಯೋದು ಬ್ಯಾಡಾ ಬ್ಯಾಡ ಅಂದ್ರು."

"ಮತ್ತೇನಂದ್ರು? ಸಂಬಂಧದ ಮಾತು?"

"ಬ್ಲೌಸ್ ಅವರ ಹೊಲಸ್ತಾರಂದ್ರ ಸಂಬಂಧ ಐತಿ ಅಂತಾನ ಅಲ್ಲೇನಕ್ಕಾ? ಯಾಕ, ಏನಾಗೈತಿ ಅಲ್ಲಿ?"

"ಏನಿಲ್ಲ" ಎಂದೆ. ಫೋನಿಟ್ಟು ಬಹಳ ಹೊತ್ತು ಅತ್ತೆ. ಯಜಮಾನರು ಗಾಬರಿಯಾಗಿ ನೀರು ತಂದರು. ಅವರೊಡನೆ ಮತ್ತೆ ಮಾತು ಶುರುವಾಯಿತು.

ನಿಶ್ಚಿತಾರ್ಥ ಸಿಂಧನೂರಿನಲ್ಲಿ ಚೆನ್ನಾಗಿ ನಡೆಯಿತು. ನೀಲಾಳ ಬ್ಲೌಸು ಅಚ್ಚಿಗೆ ಹೊಯ್ದಂತೆ ಕೂತಿತ್ತು. ನನ್ನ ತೊಂದರೆ ಶುರುವಾದದ್ದು ಮಂಟಪದ ಬಾಗಿಲಿನಲ್ಲೇ. ನಾನು ತಾಂಬೂಲದ ತಟ್ಟೆ ಎತ್ತಿಕೊಂಡು ಇಳಿಯುತ್ತಿದ್ದಂತೆ ಹುಡುಗನ ಕಡೆಯ ಹೆಂಗಸರು ಧಾವಿಸಿ ಬಂದು ತಟ್ಟೆ ಕಸಿದುಕೊಂಡರು.

"ಯವ್ವಾ, ನೀ ಎತ್ತಬ್ಯಾಡ, ನಿನ್ನ ಬೆನ್ನು."

"ಗಂಗಮ್ಮ ಎಲ್ಲಾ ಹೇಳ್ಯಾಳ. ಎಲುಬು ಚರಚರ ಅಂತಾವಂತಲ್ಲ."

ಗಂಗಮ್ಮ ಅಂದು ಕಾರಿನಲ್ಲಿ ಕುಳಿತು ಫೋನಿನಲ್ಲಿ ಮುಟ್ಟದ ಸಂಬಂಧಿಕರೇ ಇರಲಿಲ್ಲ. ಯಾವುದೋ ಊರಿನ ಅಜ್ಜಿಯೊಬ್ಬರು ಎಣ್ಣೆಯ ಸೀಸೆಯನ್ನೇ ತಂದಿದ್ದರು. ನಾನು ದಿಕ್ಕುಗಾಣದೆ ಶರಣಮ್ಮನವರತ್ತ ನೋಡಿದೆ. ಅವರು ಒಂದು ಕುರ್ಚಿ ತರಿಸಿ, ದಿಂಬು ಇರಿಸಿ, ಮುಖದ ಒಂದು ಗೆರೆಯೂ ಅಲುಗದಂತೆ, "ಕೂಡು ತಂಗಿ. ಬೆನ್ನು ಜ್ವಾಕಿ" ಎಂದರು.

ಆಚೀಚೆ ಯಾರೂ ಇಲ್ಲದಾಗ ನಾನು ಪಿಸುಗುಟ್ಟಿದೆ: "ಅಮ್ಮಾರ, ನೀವರ ಖರೇ ಹೇಳಬಾರದೇನ್ರಿ?"

"ಏನಂತ ಹೇಳಲಿ? ಹುಡುಗಿ ಅಕ್ಕ ಟೇಪ್ ಸುತ್ಕೊಂಡು ಸಿಕ್ಕಿಬಿದ್ದಿದ್ಲು ಅಂತೇನು? ಅದಕ್ಕಿಂತ ಬೀಗಸ್ತನಕ್ಕ ಬೆನ್ನುಬ್ಯಾನಿನ ಪಾಡು." ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇಗ ಬೇಗ ಅಡಿಗೆಯ ಕಡೆ ಹೋದರು. ಅವರ ಭುಜಗಳು ಕುಲುಕುವುದು ಹಿಂದಿನಿಂದ ಕಂಡಿತು.

ಹೀಗಾಗಿ ಸ್ವಂತ ತಂಗಿಯ ನಿಶ್ಚಿತಾರ್ಥದಲ್ಲಿ ನಾನು ಆರತಿ ಎತ್ತಲಿಲ್ಲ, ಊಟ ಬಡಿಸಲಿಲ್ಲ. ಉಂಗುರ ತೊಡಿಸುವಾಗ ಎದ್ದು ನೋಡಲೂ ಬಿಡಲಿಲ್ಲ. ಎದ್ದರೆ ಮುಖ ಕಿವುಚಿ ಸೊಂಟದ ಮೇಲೆ ಕೈಯಿಡಬೇಕಿತ್ತು. ಬೆಳಗಿನಿಂದ ಸಂಜೆಯವರೆಗೆ ಆ ಕಬ್ಬಿಣದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಬಂದವರಿಗೆಲ್ಲ ನೋವಿನ ವಿವರ ಕೊಟ್ಟು, ಅಜ್ಜಿಯ ಎಣ್ಣೆ ಹಚ್ಚಿಸಿಕೊಂಡು ಮಸ್ಕಿಗೆ ಮರಳಿದೆ.

ಮರುದಿನ ಬೆಳಿಗ್ಗೆ ಏಳಲು ಹೋದರೆ ಬೆನ್ನು ಹಿಡಿದುಕೊಂಡಿತ್ತು. ಹೊರಳಲು ಸಹ ಆಗಲಿಲ್ಲ.

"ರೀ" ಎಂದು ನರಳಿದೆ. "ಬೆನ್ನು ಬ್ಯಾನಿ ಆಗಾಕತ್ತೈತ್ರಿ. ಖರೇನ."

ಯಜಮಾನರು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಮೆಚ್ಚುಗೆಯಿಂದ ನೋಡಿದರು. "ನಿನ್ನೆ ಭಾಳ ಚೊಲೋ ಮಾಡಿದಿ. ಇವತ್ತ ಬೀಗರು ಯಾರೂ ಬಂದಿಲ್ಲ, ಏಳು. ಬಸ್ಸಿಗೆ ಹೊತ್ತಾಗತೈತಿ."

ನಾನು ಮಲಗಿದಲ್ಲಿಂದಲೇ ಕಚೇರಿಗೆ ಫೋನ್ ಮಾಡಿ ರಜೆ ಕೇಳಿದೆ. ಏನಾಯಿತೆಂದು ಸಾಹೇಬರು ವಿಚಾರಿಸಿದರು.

ಜ್ವರ ಎಂದೆ.